ಅಜ್ಞಾತ ಕವಯಿತ್ರಿ ಗುರವ್ವ: ಒಂದು ಅಧ್ಯಯನ

“ಗುರವ್ವ ಹೋಗಿ ಎಷ್ಟು ದಿನ ಆಯ್ತು?”

ಕಾರಿಡಾರಿನ ಮೂಲೆಗೆ ಕರೆದು ರುದ್ರಮುನಿ ಮೇಷ್ಟ್ರು ಕೇಳಿದರು. ದನಿ ತಗ್ಗಿತ್ತು. ಒಂಬತ್ತನೇ ತರಗತಿಯ ಕಲಾವತಿ ದುಪಟ್ಟಾದ ತುದಿ ತಿರುಚುತ್ತಿದ್ದಳು.

“ಹೋದ ಯುಗಾದಿ ಮುಂದ ಹೋದ್ಲರಿ ಸರ.”

“ಬೇರೆ ಯಾರಿಗಾದ್ರೂ ಈ ಹಾಡುಗಳು ಗೊತ್ತಾ?”

“ನಮ್ಮನ್ಯಾಗಷ್ಟ ಗೊತ್ರಿ.”

ಮೇಷ್ಟ್ರ ಮುಖದಲ್ಲಿ ನೆಮ್ಮದಿ ಮೂಡಿತು. ಸತ್ತವರು ಬಂದು ಹಕ್ಕು ಕೇಳುವುದಿಲ್ಲ.

ಹಿಂದಿನ ವಾರ ಇದೇ ಮೇಷ್ಟ್ರು ಇದೇ ಗುರವ್ವನನ್ನು ಇಡೀ ತರಗತಿಯ ಮುಂದೆ ನಗೆಪಾಟಲು ಮಾಡಿದ್ದರು. ಬಸವೇಶ್ವರನಗರದ ಆ ಶಾಲೆಯಲ್ಲಿ ಒಂಬತ್ತನೆಯವರು ವರ್ಷಕ್ಕೊಂದು ಸಾಹಿತ್ಯ ಸಂಶೋಧನಾ ಪ್ರಬಂಧ ಬರೆಯಬೇಕು. ಒಬ್ಬೊಬ್ಬರೇ ಎದ್ದು ವಿಷಯ ಹೇಳಬೇಕು. ಮೇಷ್ಟ್ರು ಒಪ್ಪಬೇಕು. ಎಲ್ಲಕ್ಕಿಂತ ಚೆನ್ನಾಗಿ ಬರೆದವರಿಗೆ ವಿಜಯನಗರದ ಸಾಹಿತ್ಯ ಸಮಾವೇಶದಲ್ಲಿ ಮೈಕಿನ ಮುಂದೆ ನಿಂತು ಓದುವ ಅವಕಾಶ. ಕಲಾವತಿಗೆ ಬೇಕಾಗಿದ್ದುದು ಅದೊಂದೇ. ಊರು ಬಿಟ್ಟು ಬೆಂಗಳೂರಿನ ಹೇರೋಹಳ್ಳಿಗೆ ಬಂದಾಗಿನಿಂದ ಅವಳು ಬಾಯಿ ತೆರೆದರೆ ಸಾಕು, ಜನ ನಗುತ್ತಿದ್ದರು. ಒಮ್ಮೆಯಾದರೂ ಎಲ್ಲರೂ ಸುಮ್ಮನೆ ಕೂತು ತನ್ನ ಮಾತು ಕೇಳಬೇಕು.

“ಕವಿತೆಯಲ್ಲಿ ಚಂದ್ರ, ಸಾರ್” ಎಂದಿದ್ದ ಸಂಪತ್.

“ಅಲ್ಲಿಗೆ ರಾಕೆಟ್ಟೇ ಇಳಿದಾಯ್ತು, ನೀನು ಈಗ ಹೊರಟ್ಯಾ? ಕೂತ್ಕೊಳೋ.”

ಆಮೇಲೆ ಕಲಾವತಿ ಎದ್ದಿದ್ದಳು. “ಸರ, ನಮ್ಮ ಗುರವ್ವ, ಮತ್ತ ಆ ಹಾಡುಗೋಳ್ರಿ. ಹೇರೋಹಳ್ಳ್ಯಾಗ ನಮ್ಮನಿ ಮುಂದ ದಿನಾ ನಸುಕಿನ್ಯಾಗ...”

“ನಸುಕಿನ್ಯಾಗ!” ಮೇಷ್ಟ್ರು ಅವಳ ದನಿಯನ್ನೇ ಎತ್ತಿ, ಮೂಗಿನಲ್ಲಿ ಎಳೆದು ಬಿಟ್ಟರು. ಅಣಕಿಸುವುದರಲ್ಲಿ ಅವರದು ಎತ್ತಿದ ಕೈ. “ರೊಟ್ಟಿ ತಿನಿಸಿದ್ರ ಹಾಡ್ತಾಳೇನವಾ ನಿಮ್ಮ ಗುರವ್ವ?”

ತರಗತಿ ಬಿದ್ದು ಬಿದ್ದು ನಕ್ಕಿತು.

“ರೊಟ್ಟಿ ತಿಂತಿದ್ಲರಿ ಸರ. ಆದ್ರ ಹಾಡೂದು...”

“ಸಾಕು ಕಣಮ್ಮ. ಸಾಹಿತ್ಯ ಬೇರೆ, ನಿಮ್ಮನೆ ಬೆಳಗಿನ ಗಲಾಟೆ ಬೇರೆ. ‘ಪಠ್ಯದಲ್ಲಿ ಉಪಮೆಗಳು’ ಅಂತ ಬರಿ, ಸುಲಭ.”

ಅವಳು ಬರೆದು ತಂದುಕೊಟ್ಟಿದ್ದ ಹಾಡಿನ ಹಾಳೆ ಮೇಜಿನ ಮೇಲೇ ಉಳಿಯಿತು. ಸಂಜೆ ಬೋಂಡಾ ಕಟ್ಟಿಕೊಳ್ಳಲು ಅದನ್ನೇ ಎತ್ತಿಕೊಂಡ ಮೇಷ್ಟ್ರು ಸುಮ್ಮನೆ ಕಣ್ಣಾಡಿಸಿದರು. ಬೋಂಡಾ ಆರಿಹೋಯಿತು.

ಕೊಡವ್ವ ಕೊಡ, ಕೂಸು ಹಸದಾವ
ತಡದ ಹಿಡಿಬ್ಯಾಡ ತಾಯಿ, ತುಂಬಲಿ ಗಡಗಿ

ಬರಗಾಲದಲ್ಲಿ ಭೂತಾಯಿಗೆ ಇಟ್ಟ ಮೊರೆ! ಎಲ್ಲೂ ಅಚ್ಚಾಗದ ಹೆಣ್ಣುದನಿ! ಸಮಾವೇಶದ ‘ವರ್ಷದ ಸಂಶೋಧಕ’ ಶಾಲು ಹೆಗಲ ಮೇಲೆ ಬಿದ್ದಂತೆಯೇ ಆಯಿತು. ಅದಕ್ಕೇ ಈ ಕಾರಿಡಾರಿನ ವಿಚಾರಣೆ.

“ಓದಿದ್ರಾ?”

“ಎಲ್ಲೀದ್ರಿ.”

“ಗಂಡ?”

“ಗಂಡ ಅಂತ ಯಾರೂ ಇದ್ದಿಲ್ರಿ.”

“ಮಕ್ಕಳು?”

“ಮೂರ್ರಿ. ಈಗ ಯಾರ್ಯಾರ ಮನ್ಯಾಗ ಅದಾವೋ.”

ಅನಾಥ ಮಾತೃತ್ವ, ಎಂದು ಬರೆದುಕೊಂಡರು. “ಸ್ವಭಾವ ಹೇಗೆ?”

“ಭಾಳ ಸಾದಾ ರೀ. ಏನರ ಅಗೀಕೋತ ನಮ್ಮನ್ನ ನೋಡಕೋತ ಇರ್ತಿದ್ಲು.”

ಎಲೆ ಅಡಿಕೆ, ಎಂದು ಬರೆದುಕೊಂಡರು. “ಸತ್ತಿದ್ದು ಹೇಗೆ?”

“ಖಾಲಿ ಸೈಟಿನ್ಯಾಗ ಏನೋ ತಿಂದು ಬಂದ್ಲರಿ. ಹೊಟ್ಟಿ ಉಬ್ಬಿ...” ಹುಡುಗಿಯ ಕಣ್ಣು ತುಂಬಿತು. “ಅವತ್ತು ನಮ್ಮಪ್ಪ ಉಣ್ಣಲಿಲ್ರಿ.”

ಮಹಾನಗರದ ಹಸಿವಿಗೆ ಬಲಿ. ಮೇಷ್ಟ್ರು ಕೆಳಗೆ ದಪ್ಪ ಗೆರೆ ಎಳೆದರು.

“ಒಂದ್ಸಲ ಮನಿಗಿ ಬರ್ರಿ ಸರ. ನಮ್ಮವ್ವನ ಕೇಳ್ರಿ.”

“ನಿಮ್ಮ ಹೇರೋಹಳ್ಳಿ ರೋಡಿನ ಗುಂಡಿಗಳಲ್ಲಿ ಬಂದ್ರೆ ಆಮೇಲೆ ನನ್ನ ಮೇಲೇ ಯಾರಾದ್ರೂ ಪ್ರಬಂಧ ಬರೀಬೇಕಾಗುತ್ತೆ.”

“ಹಂಗಾರ ಈ ವಿಷಯ ನನಗ ಕೊಡ್ತೀರೇನ್ರಿ?”

“ನಿನಗಾ? ಈ ಕನ್ನಡದಲ್ಲಾ? ಮೈಕ್ ನಾಚಿಕೊಂಡು ಆಫ್ ಆಗುತ್ತೆ. ನಾನೇ ಓದ್ತೀನಿ. ಅಡಿಟಿಪ್ಪಣೀಲಿ ನಿನ್ನ ಹೆಸರು ಹಾಕ್ತೀನಿ, ಹೋಗು.”

ಸಮಾವೇಶದ ದಿನ ಮುಂದಿನ ಸಾಲಿನ ಕುರ್ಚಿ ತುಂಬಿಸಲು, ಚಪ್ಪಾಳೆ ತಟ್ಟಲು ಇಡೀ ತರಗತಿಯನ್ನು ಕರೆತಂದಿದ್ದರು. ಬಾಗಿಲಲ್ಲಿ ಅಚ್ಚಾದ ಪ್ರಬಂಧ ಹಂಚುತ್ತಿದ್ದರು. ಕಲಾವತಿ ಒಂದು ಪ್ರತಿ ತೆಗೆದುಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ ನಿಂತೇ ಓದಿದಳು. ಅಡಿಟಿಪ್ಪಣಿಗಳನ್ನೂ ಓದಿದಳು. ಆಮೇಲೆ ಮೇಷ್ಟ್ರ ಹತ್ತಿರ ಹೋದಳು.

“ನನ್ನ ಹೆಸರು ಇಲ್ರಿ ಸರ.”

“ಜಾಗ ಸಾಲಲಿಲ್ಲ ಕಣಮ್ಮ. ಬೇರೆ ಏನಾದ್ರೂ ಹೇಳೋದಿತ್ತಾ?”

ಕಲಾವತಿ ಬಾಯಿ ತೆರೆದಳು. ಮೇಷ್ಟ್ರ ಗರಿಗರಿ ಜುಬ್ಬಾ ನೋಡಿದಳು. ಬಾಯಿ ಮುಚ್ಚಿದಳು.

“ಇಲ್ರಿ ಸರ.”

ಮೇಷ್ಟ್ರು ಓದಲಿಲ್ಲ, ಆಡಿ ತೋರಿಸಿದರು. ಗುರವ್ವನ ನಡುಗುವ ದನಿ, ಎಲೆ ಅಡಿಕೆ ಅಗಿಯುವ ದವಡೆ, ಖಾಲಿ ಸೈಟಿನಲ್ಲಿ ಒಂಟಿಯಾಗಿ ಅನ್ನ ಹುಡುಕುವ ನಡಿಗೆ. ಹಿಂದಿನ ಸಾಲಿನಲ್ಲಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಶಾಲು ಬಿತ್ತು. ಸಮಾವೇಶದ ಅಧ್ಯಕ್ಷೆ ಎದ್ದು ನಿಂತು, ಹೇರೋಹಳ್ಳಿಯ ವೃತ್ತದಲ್ಲಿ ಗುರವ್ವನ ಪುತ್ಥಳಿ ನಿಲ್ಲಿಸುವುದಾಗಿ ಘೋಷಿಸಿದರು.

ಚಪ್ಪಾಳೆ ನಿಲ್ಲಲಿಲ್ಲ. ಮೇಷ್ಟ್ರಿಗೆ ಅದೂ ಸಾಲಲಿಲ್ಲ.

“ಆ ಮಹಾತಾಯಿಯನ್ನು ಕಣ್ಣಾರೆ ಕಂಡ ಕೂಸು ಇಲ್ಲೇ ಕೂತಿದೆ!” ಎಂದು ಕೂಗಿ, ಕಲಾವತಿಯನ್ನು ವೇದಿಕೆಗೆ ಕರೆದು ಮೈಕ್ ಕೈಗಿತ್ತರು. ಮೂಗಿನಲ್ಲಿ ಎಳೆದರು: “ಗುರವ್ವ ಹೆಂಗ ಹಾಡತಿದ್ಲು, ಹೇಳವಾ!”

ಸಭೆ ನಕ್ಕಿತು. ಹುಡುಗಿ ಕಾದಳು. ನಗು ಪೂರ್ತಿ ಅಡಗುವವರೆಗೂ ಕಾದಳು.

“ಹಾಡತಿದ್ದಾಕಿ ನಮ್ಮವ್ವರೀ ಸರ, ಹಾಲು ಹಿಂಡೂವಾಗ, ಗುರವ್ವ ನಮ್ಮ ಎಮ್ಮಿ.”