ಮೂರು ಡಬ್ಬ ಕೋಡುಬಳೆ

ಬೀದಿ ತುದಿಯ ಶಾಲೆಗೆ ಮಕ್ಕಳನ್ನು ಕಳಿಸುತ್ತಿದ್ದ ಮೂರು ಸಂಸಾರಗಳು ಗಡಿಯಾಚೆಯಿಂದ ಬಂದಂಥವು. ಅವರನ್ನು ದೇಶದಿಂದಲೇ ವಾಪಸ್ ಅಟ್ಟುತ್ತಾರಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಇಂದುಮತಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ವಕೀಲರ ಫೀಜಿಗಾಗಿ ಶಾಲೆಯ ಅಂಗಳದಲ್ಲಿ ತಿಂಡಿ ಮಾರುವುದೆಂದು ಅಕ್ಕಪಕ್ಕದವರನ್ನೆಲ್ಲ ಒಪ್ಪಿಸಿ, ತಾವೇ ಮೂರು ಡಬ್ಬ ಕೋಡುಬಳೆ ಕರಿದರು.

ಅವರ ಕೋಡುಬಳೆ ಎಂಥದ್ದೆಂದು ಬೀದಿಗೆಲ್ಲ ಗೊತ್ತು. ಹೋದ ಗೌರಿ ಹಬ್ಬದಲ್ಲಿ ಅದನ್ನು ಕಚ್ಚಿದ ಎದುರುಮನೆ ರಾಯರು ಇನ್ನೂ ಎಡಗಡೆಯಲ್ಲೇ ಅಗಿಯುತ್ತಾರೆ. ಬೆಳಗ್ಗೆಯಿಂದ ಪಕ್ಕದ ಚಕ್ಕುಲಿ ಭರ್ಜರಿಯಾಗಿ ಖರ್ಚಾಯಿತು, ಇತ್ತ ಒಬ್ಬರೂ ಸುಳಿಯಲಿಲ್ಲ. ಇಂದುಮತಿ ಮುಖ ಸಣ್ಣದು ಮಾಡಿಕೊಂಡು ಊಟಕ್ಕೆ ಹೋದರು. ತಿರುಗಿ ಬಂದರೆ ಮೂರು ಡಬ್ಬವೂ ಖಾಲಿ!

“ನೋಡಿದ್ರಾ ಮೇಡಂ?” ಎಂದು ಅವರು ಶಾಲೆಯ ಹೆಡ್ ಮೇಡಂ ಮುಂದೆ ಬೀಗಿದರು. “ಎದುರಿಗೆ ಆಡ್ಕೊಂಡು ನಗ್ತಾರೆ, ನಾನು ಆ ಕಡೆ ಹೋದ ತಕ್ಷಣ ಮುಗಿಬಿದ್ದು ತಗೋತಾರೆ ನಮ್ಮ ಬೀದಿಯೋರು! ಮುಂದಿನ ಭಾನುವಾರ ಆರು ಡಬ್ಬ ಮಾಡ್ತೀನಿ.”

“ಬೀದಿಯೋರು ಯಾರೂ ತಗೊಳ್ಲಿಲ್ಲ ಇಂದುಮತಿಯವ್ರೇ.”

“ಮತ್ತೆ?”

“ಆ ಮೂರು ಮನೆಯವರೇ ಅಷ್ಟನ್ನೂ ತಗೊಂಡ್ರು. ‘ನಮಗೋಸ್ಕರ ಅಮ್ಮ ಇಷ್ಟು ಕಷ್ಟಪಟ್ಟಿದ್ದಾರೆ, ಹಾಗೇ ಉಳಿದ್ರೆ ನೊಂದ್ಕೋತಾರೆ’ ಅಂದ್ರು.”

ಇಂದುಮತಿಯವರ ಕಣ್ಣು ತುಂಬಿ ಬಂತು. “ಎಂಥಾ ಜನ ನೋಡಿ! ಇಂಥೋರನ್ನ ಓಡಿಸ್ತಾರಂತೆ! ಅಲ್ಲ, ಪಾಪ, ಅವರ ಹತ್ರ ಅಷ್ಟು ದುಡ್ಡು ಎಲ್ಲಿತ್ತು?”

ಹೆಡ್ ಮೇಡಂ ಖಾಲಿ ಡಬ್ಬಗಳಿಗೆ ಒಂದೊಂದಾಗಿ ಮುಚ್ಚಳ ಹಾಕಿದರು.

“ವಕೀಲರಿಗೆ ಅಂತ ಕೂಡಿಟ್ಕೊಂಡಿದ್ರಂತೆ.”