ಕಾಂಪೌಂಡಿನ ಆಚೆ ನಿಂತಿದ್ದವಳು

ಬೆಟಗೇರಿಯ ನಮ್ಮ ಓಣಿಯಲ್ಲಿ ಎಲ್ಲರ ವೈಫೈ ಪಾಸ್‌ವರ್ಡೂ ಒಂದೇ ಥರ... ಗೇಟಿನ ಮೇಲೆ ಇಂಗ್ಲಿಷಿನಲ್ಲಿ ಬರೆಸಿರುವ ಮನೆಯ ಹೆಸರು.

ರಿಟೈರ್ಡ್ ಮಾಸ್ತರು ಗುರುಪಾದಪ್ಪನವರ ಮನೆಯದೂ ಹಾಗೆಯೇ. ಅವರ ಗೇಟಿನ ಎದುರು ಕೂತು ನಾನು ಹೂ ಕಟ್ಟುತ್ತೇನೆ. ಕೈಗೆ ಕೆಲಸ, ಕಣ್ಣಿಗೆ ಬಿಡುವು...

ಒಂದು ಸಂಜೆ ನೆಟ್ ಸ್ಲೋ ಎಂದು ಮಾಸ್ತರು ರಿಪೇರಿಯ ಚನ್ನವೀರನನ್ನು ಕರೆಸಿದರು. ರೂಟರ್ ಇರುವುದು ಕಿಟಕಿಯಲ್ಲಿ. ಮಾತೆಲ್ಲ ನನಗೆ ಕೇಳುತ್ತಿತ್ತು.

"ಸರ, ಹೊರಗಿನವ್ರದೊಂದು ಫೋನ್ ನಿಮ್ಮ ವೈಫೈಗೆ ಸೇರೇತ್ರಿ. ಪಾಸ್‌ವರ್ಡ್ ಏನ್ ಇಟ್ಟೀರಿ?"

"ಮನೀ ಹೆಸರು."

"ಕೀಲಿ ಹಾಕಿ, ಕೀಲಿಕೈ ಗೇಟಿಗೇ ತೂಗಬಿಟ್ಟೀರಲ್ರಿ."

ಮಾಸ್ತರ ಮುಖ ಕೆಂಪಾಯಿತು. ಅವರ ಬ್ಯಾಂಕು, ಪೆನ್ಶನ್ ಎಲ್ಲ ಅದೇ ನೆಟ್‌ನಲ್ಲಿ. ಚನ್ನವೀರ ಸೆಕ್ಯುರಿಟಿ ಬದಲಿಸಿ, ಯಾರೂ ಊಹಿಸಲಾಗದ ಉದ್ದನೆಯ ಪಾಸ್‌ವರ್ಡ್ ಹಾಕಿದ.

ಅದೇ ಗಳಿಗೆಯಲ್ಲಿ... ದಿನದಂತೆ ಕಾಂಪೌಂಡಿಗೆ ಹೊರಗಿನಿಂದ ಒರಗಿ ನಿಂತಿದ್ದ ಹಸೀನಾ ಬೆಚ್ಚಿದಳು. ಅವಳ ಫೋನಿನಲ್ಲಿ ಮಗಳ ಮುಖ ಅಲುಗಾಡದೆ ನಿಂತುಬಿಟ್ಟಿತ್ತು.

ಮಾಸ್ತರು ಗೇಟಿಗೆ ಬಂದರು. "ಸಿಕ್ಕಿಯಲ್ಲ. ಯಾರನ್ನ ಕೇಳಿ ನಮ್ಮ ನೆಟ್ ತಗೊಂಡಿ?"

ಹಸೀನಾ ಅವರ ತುಟಿಗಳನ್ನೇ ನೋಡಿದಳು.

"ಕೇಳಾಕತ್ತೀನಿ. ಬಾಯಿ ಇಲ್ಲೇನು ನಿನಗ?"

ನಾನು ಯಾರ ನಡುವೆಯೂ ಮಾತಾಡುವವಳಲ್ಲ... ಆದರೂ ಎದ್ದು ಹೋದೆ.

"ಸರ... ಅಕಿ ನಮ್ಮ ಮಗ್ಗಲ ಮನ್ಯಾಕಿ. ಅಕಿಗೆ ಕಿವಿ ಕೇಳ್ಸೂದಿಲ್ರಿ, ಮಾತೂ ಬರೂದಿಲ್ಲ. ಮಗಳೂ ಹಂಗ, ಹಾಸ್ಟೆಲ್‌ನ್ಯಾಗ ಇರ್ತಾಳ. ಸಂಜೀಕ ಸ್ವಲ್ಪ ಹೊತ್ತಷ್ಟ ಫೋನ್ ಕೊಡ್ತಾರ್ರಿ. ಇಕಿ ಸಿಮ್ಮಿನ ನೆಟ್‌ನ್ಯಾಗ ಕೈ ಕಾಣೂದಿಲ್ಲ..."

"ಕೈ?"

"ಅವರು ಮಾತಾಡೂದು ಕೈಲೇರಿ. ಚಿತ್ರ ನಿಂತ್ರ ಮಾತೂ ನಿಂತಂಗ."

ಮಾಸ್ತರು ಅವಳ ಫೋನಿನಲ್ಲಿ ನಿಂತುಹೋಗಿದ್ದ ಮುಖವನ್ನು ನೋಡಿದರು. ಆಮೇಲೆ ಒಳಗೆ ತಿರುಗಿ, "ಚನ್ನವೀರ, ಹಳೇ ಪಾಸ್‌ವರ್ಡೇ ಹಾಕಪಾ" ಎಂದರು.

"ಅದು ಬ್ಯಾಡ್ರಿ ಸರ. ಗೆಸ್ಟ್ ನೆಟ್‌ವರ್ಕ್ ಅಂತ ಬ್ಯಾರೆ ಮಾಡ್ತೀನಿ. ಅದಕ್ಕ ಬ್ಯಾರೆ ಪಾಸ್‌ವರ್ಡ್. ಅಕಿಗೆ ನೆಟ್ ಸಿಗತೈತಿ, ನಿಮ್ಮ ಕಂಪ್ಯೂಟರ್ ಕಾಣೂದಿಲ್ಲ."

"ಲಗೂ ಮಾಡು. ಆ ಹುಡುಗಿ ಕೈಯಾಗಿಂದ ಫೋನ್ ಕಸಗೊಳ್ಳೂದ್ರಾಗ."

ಮಾಸ್ತರು ಹಸೀನಾಳ ಫೋನಿಗಾಗಿ ಕೈ ಚಾಚಿದರು. ಹೊಸ ಪಾಸ್‌ವರ್ಡನ್ನು ಚನ್ನವೀರ ಹೇಳಿದ, ಅವರೇ ಒತ್ತಿದರು. ಪರದೆಯ ಮೇಲೆ ಚಕ್ರ ತಿರುಗಿತು... ತಿರುಗಿತು...

ಮಗಳ ಮುಖ ಬಂತು. ಅತ್ತು ಕೆಂಪಾದ ಮುಖ.

ಹಸೀನಾಳ ಎರಡೂ ಕೈ ಮೇಲೆದ್ದವು. ಫೋನು ಇನ್ನೂ ಮಾಸ್ತರ ಕೈಯಲ್ಲೇ ಇತ್ತು. ಅವರು ಅದನ್ನು ಅವಳ ಕಡೆ ತಿರುಗಿಸಿ, ಎದೆಯೆತ್ತರಕ್ಕೆ ಹಿಡಿದು ನಿಂತರು.

ನಾನು ದಿನಾ ಬೆರಳಿನಿಂದಲೇ ದುಡಿಯುವವಳು... ಬೆರಳಿಗೆ ಇಷ್ಟೆಲ್ಲ ಬರುತ್ತದೆ ಎಂದು ಗೊತ್ತೇ ಇರಲಿಲ್ಲ. ಮುದ್ದು, ಗದರಿಕೆ, ಊಟ ಆಯಿತಾ ಎಂಬ ಪ್ರಶ್ನೆ... ಸದ್ದಿಲ್ಲದೆ ಗಾಳಿಯಲ್ಲಿ ಮೂಡುತ್ತಿದ್ದವು. ಬದುಕಿಡೀ ಪಾಠ ಹೇಳಿದ ಮಾಸ್ತರು ಕಣ್ಣು ಮಿಟುಕಿಸದೆ ಆ ಕೈಗಳನ್ನೇ ನೋಡುತ್ತಿದ್ದರು.

ಪರದೆ ಅವರಿಗೆ ಕಾಣುತ್ತಿರಲಿಲ್ಲ. ಮೆಲ್ಲನೆ ನನ್ನನ್ನು ಕೇಳಿದರು, "ಹುಡುಗಿ ನಗಾಕತ್ತಾಳೇನವಾ?"

"ಹೂಂರಿ... ನಗಾಕತ್ತಾಳ್ರಿ."

ಮಾಸ್ತರ ಕೆನ್ನೆಯ ಮೇಲೆ ನೀರು ಇಳಿಯಿತು. ಒರೆಸಿಕೊಳ್ಳಲು ಅವರಿಗೆ ಕೈ ಬಿಡುವಿರಲಿಲ್ಲ.

*

ಪಾಸ್‌ವರ್ಡ್ ಗಟ್ಟಿಯಾಗಿರಲಿ... ಆದರೆ ಹೊರಗೆ ನಿಂತವರೆಲ್ಲ ಕಳ್ಳರಲ್ಲ.

ನಿಮ್ಮ ಗೋಡೆಯಾಚೆ ದಿನಾ ನಿಲ್ಲುವವರು ಯಾಕೆ ನಿಂತಿದ್ದಾರೆಂದು ಒಮ್ಮೆಯಾದರೂ ಹೊರಗೆ ಬಂದು ನೋಡಿದ್ದೀರಾ?