ಮನೂಕದ ಬರಣಿ

ತಿಕೋಟಾದ ಶೆಡ್ಡುಗಳಲ್ಲಿ ದ್ರಾಕ್ಷಿ ಒಣಗಿ ಮನೂಕವಾಗುವ ವಾಸನೆ ಬಂದರೆ ಇಂದಿಗೂ ಆ ಮಧ್ಯಾಹ್ನದ ಬರಣಿಯ ಭಾರ ನನ್ನ ಕೈಗೆ ಬರುತ್ತದೆ.

ವಿಜಯಪುರದ ಕಾನ್ವೆಂಟ್ ಹಾಸ್ಟೆಲ್ಲಿನಲ್ಲಿ, ಕ್ರಿಸ್ಮಸ್ ಕೇಕಿಗೆಂದು ಬರಣಿಯಲ್ಲಿ ನೆನೆಸಿಟ್ಟ ಮನೂಕವನ್ನು ಕದ್ದು ತಿಂದು ಸಿಕ್ಕಿಬಿದ್ದಿದ್ದೆ. ಊಟಕ್ಕೆ ಕೂತರೆ ಹುಡುಗಿಯರು ತಟ್ಟೆ ಎತ್ತಿಕೊಂಡು ದೂರ ಸರಿದರು. "ಕಳ್ಳಿ ಬಂದ್ಲು, ಎಲ್ಲಾ ಮುಚ್ಚಿಡ್ರೇ!"

"ಶೇಮ್‌ಲೆಸ್ ಗರ್ಲ್! ಇವಳ ಜೊತೆ ಯಾರೂ ಮಾತಾಡಬೇಡಿ," ಎಂದರು ವಾರ್ಡನ್ ಸಿಸ್ಟರ್.

ಅಲ್ಲೇ ಬಡಿಸುತ್ತಿದ್ದ ಅಡುಗೆಯ ಮಾರ್ತಾಬಾಯಿಯ ಮುಂದೆ ಅಳುತ್ತ ತಪ್ಪೊಪ್ಪಿಕೊಂಡು ಕಾಲಿಗೆ ಬಿದ್ದೆ.

"ಏಳ ಬೇ, ನನ್ನ ಕಾಲ ಹಿಡೀಬ್ಯಾಡ. ಯೇಸಪ್ಪ ಕ್ಷಮಿಸ್ಯಾನ. ಅವನೇ ಬಿಟ್ಟಮ್ಯಾಲೆ ಇವರ‍್ಯಾರು ಹಿಡಿಯಾಕ? ತಗೋ, ಕೇಕ್ ಕಲಸಾಕ ಮನೂಕದ ಬರಣಿ ನೀನೇ ತಗೊಂಡು ಬಾ."

"ಅವಳ ಕೈಗಾ?" ಸಿಸ್ಟರ್ ಕಿರುಚಿದರು.

"ಹೌದ್ರಿ, ಈಕಿ ಕೈಗೇ."

ಬರಣಿ ಅಪ್ಪಿಕೊಂಡು ಮೇಜುಗಳ ನಡುವೆ ನಡೆದೆ. ಯಾರೋ "ಕಳ್ಳಿ" ಎಂದರು.

"ಹೌದು, ಕದ್ದಿದ್ದೆ," ಎಂದೆ. ತಲೆ ಬಗ್ಗಿಸಲಿಲ್ಲ.